ಹನ್ನೆರಡನೆಯ ಜ್ಞಾನಮಗ

ಉರ್ಸುಲಾಳಿಗೆ ಹನ್ನೊಂದು ಮಂದಿ ಮಕ್ಕಳು. ಅವರಲ್ಲಿ ಒಬ್ಬರನ್ನೂ ಅವಳು ಹೆತ್ತಿರಲಿಲ್ಲ. ಹಿರಿಯ ಮಗ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನು. ಭಾನುವಾರ ಪೂಜೆ ಮುಗಿದ ಕೂಡಲೇ ಆ ಮುದುಕ ಬಂದು ಬೋಳುತಲೆ ಬಗ್ಗಿಸಿ, "ಅವ್ವಾ, ಆಶೀರ್ವಾದ ಮಾಡು" ಅನ್ನುತ್ತಿದ್ದ. ಅವಳೂ ನಗು ತಡೆದುಕೊಂಡು ಆ ತಲೆಯ ಮೇಲೆ ಕೈಯಿಡುತ್ತಿದ್ದಳು.

ಮೊಸೆ ಕೋಟೆಯಲ್ಲಿ ಇದೇನೂ ವಿಚಿತ್ರವಲ್ಲ. ಅಲ್ಲಿದ್ದ ಎಪ್ಪತ್ತು ಎಂಬತ್ತು ಮಂದಿಯಲ್ಲಿ ಹೆಚ್ಚಿನವರು ಉತ್ತರಕ್ಕಿದ್ದ ಕ್ಯಾರೊಲಿನಾದಿಂದ, ಇಂಗ್ಲಿಷರ ಭತ್ತದ ಗದ್ದೆಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಜೌಗು ದಾಟಿ, ನಾಯಿಗಳು ಬೊಗಳುವುದು ಕೇಳದಷ್ಟು ದೂರ ಬಂದು, ಸ್ಪೇನಿನ ರಾಜನ ಈ ನೆಲ ಮುಟ್ಟಿ 'ನಿಮ್ಮ ಧರ್ಮ ಕೊಡಿ' ಎಂದು ಕೇಳಿದವರು ಇನ್ನು ಯಾರ ಆಳೂ ಅಲ್ಲ ಎಂಬುದು ರಾಜಾಜ್ಞೆ. ರಾಜನಿಗೇನು ಇವರ ಮೇಲೆ ಪ್ರೀತಿ ಉಕ್ಕಿ ಹರಿದಿರಲಿಲ್ಲ. ಇಂಗ್ಲಿಷರ ಗದ್ದೆ ಬೀಳು ಬೀಳಲಿ, ತನ್ನ ಗಡಿಗೆ ಬಂದೂಕು ಹಿಡಿಯುವವರು ಪುಕ್ಕಟೆ ಸಿಗಲಿ ಎಂಬ ಯೋಚನೆ. ಇರಲಿ. ಯಾವ ಬಾಗಿಲಿಂದ ಬಂದರೂ ಗಾಳಿ ಗಾಳಿಯೇ ಎಂದುಕೊಂಡು ಜನ ಕೋಟೆಯೊಳಗೆ ತಾಳೆಗರಿಯ ಗುಡಿಸಲು ಹಾಕಿದರು, ಹೊರಗೆ ಜೋಳ, ಗೆಣಸು ಬೆಳೆದರು, ಸರದಿಯ ಮೇಲೆ ಕಾವಲು ಕಾದರು.

ಬಂದವರಿಗೆ ಮೊದಲು, ತಲೆಗೆ ನೀರು ಹೊಯ್ದು ಕ್ರೈಸ್ತರಾಗಿಸುವ ಜ್ಞಾನಸ್ನಾನ ಆಗಬೇಕು. ಜ್ಞಾನಸ್ನಾನಕ್ಕೆ ಒಬ್ಬ ಜ್ಞಾನತಂದೆಯೋ ಜ್ಞಾನತಾಯಿಯೋ ಪಕ್ಕದಲ್ಲಿ ನಿಲ್ಲಬೇಕು. ಅದು ಯಾರಾಗಬೇಕೆಂಬುದಕ್ಕೆ ಮೊಸೆಯವರು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಪಾದ್ರಿಯ ಪುಸ್ತಕದಲ್ಲಿ ಅದಿರಲಿಲ್ಲ. ದೋಣಿಯಿಂದ ಇಳಿಯುವವನ ಕೈಯನ್ನು ಯಾರು ಮೊದಲು ಹಿಡಿದು ದಡಕ್ಕೆ ಎಳೆಯುತ್ತಾರೋ ಅವರೇ ಅವನಿಗೆ ಜ್ಞಾನದ ತಾಯಿತಂದೆ. ಚೌಕಾಸಿಯಿಲ್ಲ, ಬದಲಾವಣೆಯಿಲ್ಲ.

ಹಾಗಾಗಿ ಉರ್ಸುಲಾಳಿಗೆ ಹನ್ನೊಂದು ಮಂದಿ. ಯಾಕೆಂದರೆ ದಡದಲ್ಲಿ ಇರುತ್ತಿದ್ದವಳು ಅವಳೇ.

ಏಳು ವರ್ಷದ ಹಿಂದೆ ಅವಳೂ ಹೀಗೆಯೇ ಬಂದವಳು. ಆಗ ಅವಳ ಹೆಸರು ತೆನ್ನೆ. ಕ್ಯಾರೊಲಿನಾದ ಹೊಳೆಯಲ್ಲಿ ಕದ್ದ ದೋಣಿಯೊಂದರಲ್ಲಿ ಐದು ಮಂದಿಯನ್ನು ಕೂರಿಸಿ, ಅವಳನ್ನು ಆರನೆಯವಳಾಗಿ ಹತ್ತಿಸಿ, ಅವಳ ಗಂಡ ಮಾಕಾಯಾ ದೋಣಿಯನ್ನು ನೀರಿಗೆ ನೂಕಿದ್ದ. ತಾನು ಹತ್ತಿರಲಿಲ್ಲ. ಆರೂ ಮಂದಿಯ ಹಳೆಯ ಬಟ್ಟೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ನೆಲದ ಮೇಲೆ ಎಳೆದುಕೊಂಡು, ನಾಯಿಗಳು ತನ್ನ ಹಿಂದೆ ಬರಲೆಂದು ಎದುರು ದಿಕ್ಕಿಗೆ ಓಡಿದ್ದ. ಓಡುವ ಮೊದಲು ಅವನು ಹೇಳಿದ್ದು ಇಷ್ಟೇ: "ಬರೋ ಹುಣ್ಣಿಮೆಗೆ ಬಂದ್ಬಿಡ್ತೀನಿ. ನೀನು ದಡದಲ್ಲಿರು."

ಅವಳು ದಡದಲ್ಲಿದ್ದಳು. ಅಳಿವೆಗೆ ಉಬ್ಬರದ ನೀರು ಏರುವ ಹೊತ್ತಿಗೆ ಸರಿಯಾಗಿ, ಒಂದು ದಿನವೂ ಬಿಡದೆ, ಬಟ್ಟೆ ಒಗೆಯುವ ನೆಪ ಮಾಡಿಕೊಂಡೋ ಚಿಪ್ಪು ಹೆಕ್ಕುವ ನೆಪ ಮಾಡಿಕೊಂಡೋ ಹೋಗಿ ನಿಲ್ಲುತ್ತಿದ್ದಳು. ಎಂಬತ್ತಕ್ಕೂ ಮಿಕ್ಕಿ ಹುಣ್ಣಿಮೆ ಕಳೆದವು. ಬಂದವರೆಲ್ಲ ಬೇರೆಯವರು. ಆದರೂ ಬಂದವರ ಕೈ ಹಿಡಿದು ಎಳೆಯದೆ ಇರಲಾಗುತ್ತದೆಯೇ? ಪ್ರತಿಯೊಬ್ಬನನ್ನೂ ಎಳೆದು, ಕಿವಿಯಲ್ಲಿ ಒಂದೇ ಪಾಠ ಹೇಳಿಕೊಡುತ್ತಿದ್ದಳು: "ನೋಡು, ಪಾದ್ರಿ ಏನೇ ಕೇಳಲಿ, 'ಜ್ಞಾನಸ್ನಾನ ಬೇಕು ಅಂತ ಬಂದೆ' ಅನ್ನು. ಅಷ್ಟೇ ಅನ್ನು. ಬೇರೆ ಕತೆ ಬಿಚ್ಬೇಡ."

ಪಕ್ಕದ ಮನೆಯ ಪೆಟ್ರೊನಾಳಿಗೆ ಇದೊಂದು ತಮಾಷೆ. ಅವಳ ಬಾಯಿಗೆ ಬಿಡುವೆಂಬುದಿಲ್ಲ, ಮನಸ್ಸು ಮಾತ್ರ ಬೆಣ್ಣೆ. "ಏನೇ ಉರ್ಸುಲಾ, ಗಂಡನ್ನ ಕಾಯಕ್ಕೆ ಹೋಗಿ ಸಂತಾನ ಬೆಳೆಸ್ಕೊಂಡು ಬರ್ತೀಯಲ್ಲೇ! ಅವನು ಬಂದಾಗ ಈ ಗಡ್ಡದ ಮಕ್ಕಳನ್ನೆಲ್ಲ ಏನಂತ ತೋರಿಸ್ತೀಯ?"

"ನಿನ್ನ ನಾಲಿಗೆಗೆ ಏಡಿ ಕಚ್ಚಲಿ. ಮೊದಲು ಅವನು ಬರಲಿ."

ಬಂದ. ಗೆಣಸು ಕೀಳುವ ತಿಂಗಳಲ್ಲಿ, ಬಿಸಿಲಿಳಿಯುವ ಹೊತ್ತಿಗೆ, ಒಂದು ಒಡಕು ದೋಣಿ ಹುಲ್ಲಿನ ನಡುವೆ ತೇಲಿ ಬಂತು. ತಳದಲ್ಲಿ ಒಬ್ಬ ನರೆಗಡ್ಡದವನು ಮೂಳೆಚಕ್ಕಳವಾಗಿ ಮಲಗಿದ್ದ. ಉರ್ಸುಲಾ ಸೊಂಟದವರೆಗೆ ನೀರಿಗಿಳಿದು ಎಂದಿನಂತೆ ಕೈ ಹಿಡಿದು ಎಳೆದಳು. ಹಿಡಿದ ಕೈಯಲ್ಲಿ ಕಿರುಬೆರಳಿನ ತುದಿಯಿರಲಿಲ್ಲ. ಆ ಬೆರಳಿಗೆ ಗುದ್ದಲಿ ಬಿದ್ದ ದಿನ ಬಟ್ಟೆ ಸುತ್ತಿದವಳು ಅವಳೇ. ಅವಳ ಕೈಗೆ ಮೊದಲು ಗುರುತು ಸಿಕ್ಕಿತು, ಕಣ್ಣಿಗೆ ಆಮೇಲೆ.

"ತಡ ಆಯ್ತು ತೆನ್ನೆ," ಎಂದ ಮಾಕಾಯಾ.

ಏಳು ವರ್ಷದಿಂದ ಈ ಗಳಿಗೆಗೆಂದು ಅವಳು ಎಷ್ಟೋ ಮಾತು ಕೂಡಿಟ್ಟಿದ್ದಳು. ಒಂದೂ ಬಾಯಿಗೆ ಬರಲಿಲ್ಲ. "ಗಂಜಿ ಆರಿ ಹೋಗಿದೆ, ಬಿಸಿ ಮಾಡ್ಬೇಕು," ಎಂದಳು. ಆಮೇಲೆ ಕೆಸರಲ್ಲೇ ಕುಕ್ಕರಿಸಿ ಕುಳಿತು ಗೋಳೋ ಎಂದು ಅತ್ತುಬಿಟ್ಟಳು.

ಅಂದು ನಾಯಿಗಳ ಬಾಯಿಗೆ ಸಿಕ್ಕವನನ್ನು ಮತ್ತೆ ಗದ್ದೆಗೇ ಹಾಕಿದ್ದರಂತೆ, ತಪ್ಪಿಸಿಕೊಳ್ಳಲು ಏಳು ವರ್ಷ ಬೇಕಾಯಿತಂತೆ. ಅವನಿಗೆ ಜ್ವರ ಕೆಂಡದಂತೆ ಸುಡುತ್ತಿತ್ತು. ಆ ವಾರವೇ ಹತ್ತಿರದ ಪಟ್ಟಣ ಸಾನ್ ಅಗುಸ್ತೀನಿಗೆ ಇಂಗ್ಲಿಷರ ಅಧಿಕಾರಿಯೊಬ್ಬ ಬಿಳಿ ಬಾವುಟ ಹಿಡಿದು ಬಂದಿದ್ದ. ಓಡಿಬಂದ ಆಳುಗಳನ್ನು ತಿರುಗಿ ಕೊಡಿ ಎಂದು ಗವರ್ನರ ಮನೆ ಬಾಗಿಲಲ್ಲಿ ಕುಳಿತಿದ್ದಾನೆ ಎಂಬ ಸುದ್ದಿ ಕೋಟೆಗೆ ಮುಟ್ಟಿತ್ತು. ಜ್ಞಾನಸ್ನಾನ ಆದವರನ್ನು ಯಾರೂ ಮುಟ್ಟುವಂತಿಲ್ಲ. ಆಗದವರ ಗತಿ? ಆ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳುವ ಆಸೆ ಯಾರಿಗೂ ಇರಲಿಲ್ಲ. ಬೆಳಗಾಗುತ್ತಲೇ ಮಾಡಿಬಿಡೋಣ ಎಂದರು.

"ಪಾದ್ರಿ ಹತ್ರ ನಾನೊಂದು ಮಾತು ಹೇಳ್ಬೇಕು ಕಣೇ," ಎಂದ ಮಾಕಾಯಾ, ಹಲ್ಲು ಕಟಕಟ ಅನ್ನಿಸುತ್ತ.

"ಒಂದೇ ಮಾತು ಹೇಳು. 'ಜ್ಞಾನಸ್ನಾನ ಬೇಕು ಅಂತ ಬಂದೆ.'"

"ಅದಲ್ಲ, ನಮ್ಮೂರಲ್ಲಿ..."

"ನಿಮ್ಮೂರು ಸುಟ್ಟುಹೋಗ್ಲಿ, ಮಾಕಾಯಾ! ಏಳು ವರ್ಷ ಕಾದಿದೀನಿ. ನಾನು ಹೇಳಿದ್ದಷ್ಟು ಹೇಳಿ ಬಾಯಿ ಮುಚ್ಕೋ."

ಅವನು ಬಾಯಿ ಮುಚ್ಚಿಕೊಂಡ. ಬೆಳಿಗ್ಗೆ ಕೋಟೆಯ ಪುಟ್ಟ ಇಗರ್ಜಿಯಲ್ಲಿ ಇಬ್ಬರು ಅವನನ್ನು ಹಿಡಿದು ನಿಲ್ಲಿಸಿದರು. ಮಂಡಿನೋವಿನ ಪಾದ್ರಿ ಆನ್ಸೆಲ್ಮೊ ಗೊಣಗುತ್ತ ಬಂದು, "ಜ್ಞಾನತಾಯಿ ಯಾರು?" ಎಂದು ಕೇಳಿದರು. ಊರಿಗೆ ಊರೇ, "ಉರ್ಸುಲವ್ವ, ಇನ್ಯಾರು!" ಎಂದಿತು. ಎಳೆದವಳು ಅವಳೇ ತಾನೆ. ಅವಳು ಹೆಮ್ಮೆಯಿಂದ ಮುಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಪಾದ್ರಿ ನಾಲಿಗೆಯ ಮೇಲೆ ಚಿಟಿಕೆ ಉಪ್ಪು ಇಟ್ಟಾಗ ಮಾಕಾಯಾನ ಕಣ್ಣಿಂದ ದಳದಳನೆ ನೀರಿಳಿಯಿತು. ಎಲ್ಲರೂ ಸಂತೋಷಕ್ಕೆ ಅಂದುಕೊಂಡರು. ಹಿಲಾರಿಯೊ ಎಂದು ಹೆಸರಿಟ್ಟು ತಲೆಯ ಮೇಲೆ ನೀರು ಹೊಯ್ದರು. ಪೆಟ್ರೊನಾಗೆ, ಪಾದ್ರಿಗೆ, ಬಂದೂಕು ಹಿಡಿದ ಗಂಡಸರಿಗೆ, ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಅಭ್ಯಾಸಬಲ ಅಂದರೆ ಅಷ್ಟು ಕೆಟ್ಟದ್ದು.

ಇಂಗ್ಲಿಷ್ ಅಧಿಕಾರಿ ಬಂದ ದಾರಿಗೆ ಸುಂಕವಿಲ್ಲವೆಂದು ಬರಿಗೈಯಲ್ಲಿ ಹೋದ. ಮಾಕಾಯಾನ ಜ್ವರವೂ ಅವನ ಹಿಂದೆಯೇ ಹೋಯಿತು.

ಅಲ್ಲಿಂದ ಎರಡು ತಿಂಗಳು ಉರ್ಸುಲಾಳ ಕಾಲು ನೆಲಕ್ಕೆ ತಾಗಲಿಲ್ಲ. ಮಾಕಾಯಾ ಅವನದೇ ಕಾಂಗೊ ಸೀಮೆಯ ಮುದುಕ ಗಾಸ್ಪಾರನ ಮನೆಯಲ್ಲಿ ಉಳಿದುಕೊಂಡ. ಮೂರು ಹೊತ್ತು ಉರ್ಸುಲಾಳ ಮನೆಯಲ್ಲಿ ಉಂಡ. ಹುರಿದ ಮೀನು, ಜೋಳದ ಗಂಜಿ, ಕೆಂಡದಲ್ಲಿ ಸುಟ್ಟ ಗೆಣಸು, ಅವಳ ಅಂಗೈಯಗಲದ ಗದ್ದೆಯ ಅಕ್ಕಿಯ ಅನ್ನ. ತನಗಾಗಿ ಬೆಳೆದ ಅಕ್ಕಿಯನ್ನು ಅವನು ಮೊದಲ ಸಲ ತಿಂದಾಗ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ಕುಳಿತಿದ್ದ. "ಇಪ್ಪತ್ತು ವರ್ಷ ಬೆಳೆದಿದೀನಿ, ಇದರ ವಾಸನೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲ," ಎಂದ. ಬೇಗ ಬೇಗ ಮೈ ತುಂಬಿಕೊಂಡ. ಹೊಸ ಮನೆಗೆ ಕಂಬ ನೆಟ್ಟ.

"ಒಂದೇ ಮನೇಲಿ ಇರ್ಬಾರದಾ? ನಾವು ಹೊಸಬರಾ?" ಎಂದು ಅವನು ಕೇಳಿದರೆ ಅವಳು ತಲೆಯಾಡಿಸುತ್ತಿದ್ದಳು. ಇಗರ್ಜಿಯಲ್ಲಿ ಮದುವೆಯಾಗಬೇಕು. ಅದೊಂದು ಅವಳ ಹಟ. ಕ್ಯಾರೊಲಿನಾದಲ್ಲಿ ಅವರ ಮದುವೆ ಹೇಗಾಗಿತ್ತೆಂದರೆ, ದೊರೆ ಒಂದು ಸಂಜೆ ಕುಡಿದ ಖುಷಿಯಲ್ಲಿ 'ಇವತ್ತಿಂದ ನೀವಿಬ್ಬರೂ ಜೋಡಿ' ಎಂದಿದ್ದ. ಇನ್ನೊಂದು ಸಂಜೆ ಅದೇ ಬಾಯಿಂದ ಮಾಕಾಯಾನನ್ನು ಬೇರೆ ದೊರೆಗೆ ಮಾರುವ ಮಾತಾಡಿದ್ದ. ಅದನ್ನು ಕೇಳಿಯೇ ಅವರು ದೋಣಿ ಕದ್ದದ್ದು. ಇಲ್ಲಿ ಹಾಗಲ್ಲ. ಇಲ್ಲಿ ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆಯುತ್ತಾರೆ, ದೇವರ ಮುಂದೆ ಓದುತ್ತಾರೆ. ಬರೆದದ್ದನ್ನು ಬೇರೆ ಮಾಡಲು ಗವರ್ನರಿಗೂ ಆಗುವುದಿಲ್ಲ. ಆ ಎರಡು ಹೆಸರು ಅಕ್ಕಪಕ್ಕ ಬೀಳುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು, ಅವಳಿಗೆ ಓದು ಬಾರದಿದ್ದರೂ.

ಒಂದು ಶನಿವಾರ ಇಬ್ಬರೂ ಒಗೆದ ಬಟ್ಟೆಯುಟ್ಟು ಪಾದ್ರಿಯ ಬಳಿ ಹೋದರು. ಉರ್ಸುಲಾ ಹತ್ತು ಗೆಣಸು ಕಟ್ಟಿಕೊಂಡು ಹೋಗಿದ್ದಳು. ಪಾದ್ರಿ ಸಂತೋಷದಿಂದ ಗೆಣಸು ತೆಗೆದುಕೊಂಡು, ಪುಸ್ತಕ ಬಿಚ್ಚಿ, ಬೆರಳಿಂದ ಸಾಲು ಹುಡುಕುತ್ತ ಹೋದವರು ಒಂದು ಕಡೆ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು.

"ಅಯ್ಯೋ ಪಾಪಿ," ಎಂದರು. ಯಾರಿಗೆಂದು ಗೊತ್ತಾಗಲಿಲ್ಲ.

"ಏನಾಯ್ತು ಸ್ವಾಮಿ?"

"ಇವನ ಜ್ಞಾನಸ್ನಾನಕ್ಕೆ ಜ್ಞಾನತಾಯಿ ಯಾರು?"

"ನಾನೇ. ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲಮ್ಮ! ಆ ನೀರು ಬಿದ್ದ ಗಳಿಗೆಯಿಂದ ನೀನು ಇವನ ತಾಯಿ, ಇವನು ನಿನ್ನ ಮಗ. ಹೆತ್ತ ಸಂಬಂಧ ಎಷ್ಟೋ ಇದೂ ಅಷ್ಟೇ. ತಾಯಿಗೂ ಮಗನಿಗೂ ಮದುವೆ ಮಾಡಿಸೋ ಪಾದ್ರಿ ನಾನಲ್ಲ."

"ಅವನು ನನ್ನ ಗಂಡ ಸ್ವಾಮಿ," ಎಂದಳು. "ನಾನು ಎಳ್ಕೊಂಡಿದ್ದು ನನ್ನ ಗಂಡನ್ನ."

"ಗೊತ್ತಮ್ಮ. ಅವತ್ತೇ ನಮ್ಮ ತಲೆಗೆ ಬರ್ಬೇಕಿತ್ತು. ನನಗೂ ಬರಲಿಲ್ಲ." ಪಾದ್ರಿ ಗೆಣಸಿನ ಗಂಟನ್ನು ಅವಳ ಕಡೆಗೆ ತಳ್ಳಿದರು. ಅದನ್ನು ಇಟ್ಟುಕೊಳ್ಳುವ ಮುಖ ಅವರಿಗಿರಲಿಲ್ಲ.

ಸುದ್ದಿ ಮಧ್ಯಾಹ್ನದೊಳಗೆ ಕೋಟೆಯ ನಾಲ್ಕು ಮೂಲೆಗೂ ಮುಟ್ಟಿತು. ಪೆಟ್ರೊನಾ ಮೊದಲು ಹೊಟ್ಟೆ ಹಿಡಿದು ನಕ್ಕಳು. ಉರ್ಸುಲಾಳ ಮುಖ ನೋಡಿದ ಮೇಲೆ ನಗು ಅಲ್ಲೇ ನಿಂತು, ತಾನೇ ಅಳಲು ಶುರುಮಾಡಿದಳು. ಗಂಡಸರು ತಲೆಗೊಂದು ಸಲಹೆ ಕೊಟ್ಟರು. ಹಾಗೇ ಜೊತೆಗಿದ್ದುಬಿಡಿ, ಯಾರು ಕೇಳ್ತಾರೆ ಎಂದರು ಕೆಲವರು. ಹಾಗೇ ಜೊತೆಗಿರುವುದು ಹೇಗೆಂದು ಉರ್ಸುಲಾಳಿಗೆ ಗೊತ್ತಿತ್ತು. ಅದನ್ನು ಬಿಟ್ಟು ಬರುವುದಕ್ಕೇ ಅವಳು ದೋಣಿ ಹತ್ತಿದ್ದು. ಅವಳಿಗೆ ದೇವರ ಮೇಲೆ ಸಿಟ್ಟು ಬರಲಿಲ್ಲ, ಪಾದ್ರಿಯ ಮೇಲೂ ಬರಲಿಲ್ಲ. ತನ್ನ ಕೈಯ ಮೇಲೆ ಸಿಟ್ಟು ಬಂತು. ಏಳು ವರ್ಷ ಅವನಿಗೆಂದು ಚಾಚಿದ ಕೈ, ಅವನು ಬಂದ ದಿನವೇ ಅವನನ್ನು ದೂರ ಮಾಡಿತಲ್ಲ.

ಮಾರನೆಯ ದಿನ ಅವಳು ಹಿತ್ತಿಲಲ್ಲಿ ಒರಳಿಗೆ ಭತ್ತ ಸುರಿದು ಕುಟ್ಟಲು ನಿಂತಳು. ಭತ್ತಕ್ಕೆ ಬೀಳಬೇಕಾದ್ದಕ್ಕಿಂತ ಜೋರಾಗಿಯೇ ಒನಕೆ ಬೀಳುತ್ತಿತ್ತು. ಮಾಕಾಯಾ ಬಂದು ಇನ್ನೊಂದು ಒನಕೆ ತೆಗೆದುಕೊಂಡು ಎದುರಿಗೆ ನಿಂತ. ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುವಂತೆ ಕುಟ್ಟತೊಡಗಿದರು.

"ಅಕ್ಕಿ ನುಚ್ಚಾಗ್ತಿದೆ ಕಣೇ," ಎಂದ.

"ಆಗ್ಲಿ."

"ತೆನ್ನೆ, ನೀನು ನನ್ನ ಜ್ಞಾನತಾಯಿ ಅಲ್ಲ."

"ನೀನು ಹೇಳಿದ್ರೆ ಆಯ್ತಾ? ಪುಸ್ತಕದಲ್ಲಿದೆ."

"ನನಗೆ ಬೇರೆ ಜ್ಞಾನತಾಯಿ ಇದ್ಲು." ಮಾಕಾಯಾ ಒನಕೆ ನಿಲ್ಲಿಸಿದ. "ನಮ್ಮ ಕಾಂಗೊದಲ್ಲಿ ಪಾದ್ರಿಗಳಿದ್ರು, ನಮ್ಮಜ್ಜನ ಅಜ್ಜನ ಕಾಲದಿಂದ. ವರ್ಷಕ್ಕೊಂದು ಸಲ ನಮ್ಮೂರಿಗೆ ಬರೋರು. ನಾನು ನಮ್ಮವ್ವನ ಸೆರಗು ಹಿಡ್ಕೊಂಡು ಸಾಲಲ್ಲಿ ನಿಂತಿದ್ದೆ. ನಾಲಿಗೆ ಮೇಲೆ ಉಪ್ಪಿಟ್ಟು ತಲೆ ಮೇಲೆ ನೀರು ಹಾಕಿದ್ರು. ನಮ್ಮಲ್ಲಿ ಅದಕ್ಕೆ ಉಪ್ಪು ತಿನ್ನೋದು ಅಂತಾನೆ ಹೇಳೋದು. ನಮ್ಮ ದೊಡ್ಡಮ್ಮ ಪಕ್ಕದಲ್ಲಿ ನಿಂತಿದ್ಲು. ಅವಳೇ ನನ್ನ ಜ್ಞಾನತಾಯಿ. ಅವತ್ತು ಇಲ್ಲಿ ಪಾದ್ರಿ ಉಪ್ಪಿಟ್ಟಾಗ ಅದೇ ರುಚಿ ಕಣೇ. ನಮ್ಮವ್ವ ನೆನಪಾದ್ಲು."

ಉರ್ಸುಲಾ ಒನಕೆಯನ್ನು ಎದೆಗೊತ್ತಿಕೊಂಡು ನಿಂತಳು. "ಇದನ್ನ ಅವತ್ತೇ ಯಾಕೆ ಬೊಗಳಲಿಲ್ಲ?"

"ಬೊಗಳಕ್ಕೆ ಬಂದೆ. ನಮ್ಮೂರು ಸುಟ್ಟುಹೋಗ್ಲಿ ಅಂದೆ ನೀನು."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲ ತಪ್ಪೂ ತಿರುಗಿ ತಿರುಗಿ ತನ್ನ ಬಾಗಿಲಿಗೇ ಬರುತ್ತಿದೆ ಅನ್ನಿಸಿತು. ಆದರೆ ಮರುಗಳಿಗೆಯಲ್ಲೇ ಇನ್ನೊಂದು ಹೊಳೆಯಿತು. "ಮಾಕಾಯಾ, ಇದನ್ನ ಯಾರಿಗೂ ಹೇಳ್ಬೇಡ."

"ಯಾಕೆ? ಇದನ್ನ ಹೇಳಿದ್ರೆ ಮದುವೆ ಆಗುತ್ತೆ."

"ಮದುವೆ ಆಗುತ್ತೆ, ನಿನ್ನ ಸ್ವಾತಂತ್ರ್ಯ ಹೋಗುತ್ತೆ! ನಿನ್ನ ಬಿಡುಗಡೆ ಕಾಗದದಲ್ಲಿ ಏನು ಬರೆದಿದಾರೆ ಗೊತ್ತಾ? ಜ್ಞಾನಸ್ನಾನ ಬೇಡಿ ಬಂದವನು ಅಂತ. ನೀನು ಬೇಡಿದ್ದು ಸುಳ್ಳು ಅಂತಾದ್ರೆ ಕಾಗದವೂ ಸುಳ್ಳು. ಆ ಇಂಗ್ಲಿಷಿನವನು ಇನ್ನೊಂದ್ಸಲ ಬಿಳಿ ಬಾವುಟ ಹಿಡ್ಕೊಂಡು ಬಂದ್ರೆ? ಬೇಡಪ್ಪ. ನನಗೆ ಮದುವೆ ಬೇಡ. ನೀನು ಗಾಸ್ಪಾರನ ಮನೇಲಿರು, ನಾನು ಇಲ್ಲಿರ್ತೀನಿ. ಮೂರು ಹೊತ್ತು ಬಂದು ಉಣ್ಣು. ಸಾಯೋವರೆಗೂ ಅವ್ವಾ ಅನ್ನು, ಪರವಾಗಿಲ್ಲ. ಕಣ್ಣೆದುರಿಗಿದ್ರೆ ಸಾಕು."

ಅವಳು ಮನಸಾರೆಯೇ ಹೇಳಿದ್ದಳು.

ಮಾಕಾಯಾ ಒರಳಿನ ಅಂಚಿಗೆ ಅಂಟಿದ ಹೊಟ್ಟನ್ನು ಬೆರಳಿಂದ ಒರೆಸಿದ. "ಅಲ್ಲಿ ಇಪ್ಪತ್ತು ವರ್ಷ ನಾನು ಬಾಯಿ ಮುಚ್ಕೊಂಡಿದ್ದೆ," ಎಂದ. "ದೊರೆ ಕೂಗೋದು ನನ್ನ ಹೆಸರಲ್ಲ ಅಂತ ಹೇಳಲಿಲ್ಲ. ಇವಳು ನನ್ನ ಹೆಂಡ್ತಿ, ಇವಳನ್ನ ಬಿಟ್ಟು ಹೋಗಲ್ಲ ಅಂತಾನೂ ಹೇಳಲಿಲ್ಲ. ಇಲ್ಲೂ ಮುಚ್ಕೊಂಡೇ ಇರು ಅಂತೀಯಲ್ಲ, ಹಾಗಾದ್ರೆ ಅಷ್ಟು ದೂರದಿಂದ ಯಾಕೆ ಬಂದೆ ನಾನು? ಮೀನು ತಿನ್ನಕ್ಕಾ?"

ಮೂರು ದಿನ ಅವನೊಂದಿಗೆ ಮಾತು ಬಿಟ್ಟಳು. ಅವನು ಮೂರು ಹೊತ್ತೂ ಬಂದ. ಅವಳು ತಟ್ಟೆ ಕುಕ್ಕಿ ಬಡಿಸಿದಳು. ಅವನು ಸದ್ದಿಲ್ಲದೆ ಉಂಡುಹೋದ. ನಾಲ್ಕನೆಯ ದಿನ ತಟ್ಟೆ ಇಡುತ್ತ, "ಉಂಡು ಕೈ ತೊಳ್ಕೋ, ಹೋಗೋಣ," ಎಂದಳು. "ಆದ್ರೆ ಮಾತಾಡೋಳು ನಾನು. ಸುಳ್ಳು ಹೇಳಿಕೊಟ್ಟೋಳು ನಾನು ತಾನೆ."

ಆ ಹೊತ್ತಿಗೆ ಇಗರ್ಜಿಯ ಮಾಡಿಗೆ ಹೊಸ ಗರಿ ಹೊದಿಸುವ ಕೆಲಸ ನಡೆದಿತ್ತು. ಮುದುಕ ಗಾಸ್ಪಾರ ಮಾಡಿನ ಮೇಲೆ ಕಾಲು ಇಳಿಬಿಟ್ಟು ಗರಿ ಕಟ್ಟುತ್ತಿದ್ದ. ಪಾದ್ರಿ ಕೆಳಗೆ ನಿಂತು ಅಲ್ಲಿ ಸೋರುತ್ತೆ ಇಲ್ಲಿ ಸೋರುತ್ತೆ ಎಂದು ಅವನ ಪ್ರಾಣ ತಿನ್ನುತ್ತಿದ್ದರು. ಉರ್ಸುಲಾ ಹೋದವಳೇ ಮಂಡಿಯೂರಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿಬಿಟ್ಟಳು. ತಾನು ಹನ್ನೊಂದು ಮಂದಿಗೂ ಹೇಳಿಕೊಡುತ್ತಿದ್ದ ಪಾಠ, ಮಾಕಾಯಾನ ಬಾಯಿ ಮುಚ್ಚಿಸಿದ್ದು, ಉಪ್ಪು, ಅವನ ದೊಡ್ಡಮ್ಮ. ಹೇಳಿ ಮುಗಿಸಿ, "ಶಿಕ್ಷೆ ಏನಿದ್ರೂ ನನಗೆ ಕೊಡಿ ಸ್ವಾಮಿ. ಅವನ ಕಾಗದ ಮಾತ್ರ ಮುಟ್ಬೇಡಿ," ಎಂದಳು.

ಪಾದ್ರಿ ಮೊದಲು ಕೆಂಡವಾದರು. "ಎರಡು ಸಲ ಜ್ಞಾನಸ್ನಾನ! ದೇವರ ಮನೇನ ಏನಂದ್ಕೊಂಡಿದೀರಿ, ನಿಮ್ಮ ಕೋಳಿಗೂಡಾ?" ಎಂದು ಕೂಗಿದರು. ಕೂಗಿ ಕೂಗಿ ಮಂಡಿನೋವು ಜಾಸ್ತಿಯಾಗಿ ಬೆಂಚಿನ ಮೇಲೆ ಕುಳಿತರು. ಕುಳಿತ ಮೇಲೆ ಸ್ವಲ್ಪ ಮೆತ್ತಗಾದರು. "ಹೇಳಿದ್ದೆಲ್ಲ ನಿಜ ಅಂತ ನಾನು ಹೇಗೆ ನಂಬಲಿ? ಮದುವೆ ಆಗ್ಬೇಕು ಅನ್ನೋರು ಏನು ಬೇಕಾದ್ರೂ ಹೇಳ್ತಾರೆ. ಕಾಂಗೊದಿಂದ ಸಾಕ್ಷಿ ಕರೆಸಲಾ?"

ಮೇಲಿಂದ ಗಾಸ್ಪಾರನ ದನಿ ಬಂತು. "ನಾನೂ ಕಾಂಗೊದೋನೇ ಸ್ವಾಮಿ, ಮರೆತುಹೋಯ್ತಾ? ನಾನೂ ಅಲ್ಲೇ ಉಪ್ಪು ತಿಂದೋನು. ನಾನು ಕೇಳ್ತೀನಿ ಇರಿ. ಲೇ ಮಾಕಾಯಾ! ನಿಮ್ಮೂರಲ್ಲಿ ಶನಿವಾರ ಹುಡುಗರೆಲ್ಲ ಏನು ಮಾಡ್ತಿದ್ರಿ?"

"ಶಿಲುಬೆ ಮುಂದೆ ಕೂತು ಮಾತೆ ಮರಿಯಮ್ಮನ ಹಾಡು ಹೇಳ್ತಿದ್ವಿ."

"ಹೇಳು ನೋಡೋಣ."

ಮಾಕಾಯಾ ಗಂಟಲು ಸರಿಮಾಡಿಕೊಂಡ. ಮೊದಲ ಸಾಲು ಹೊರಬರುವಾಗ ನಡುಗಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾಲಿಗೆಗೆ ಬಾರದ ಹಾಡು ಅದು. ಎರಡನೆಯ ಸಾಲಿಗೆ ದನಿ ನೆಟ್ಟಗಾಯಿತು. ಮೂರನೆಯ ಸಾಲಲ್ಲಿ ಅವನು ತಡವರಿಸಿದಾಗ ಮಾಡಿನ ಮೇಲಿಂದ ಗಾಸ್ಪಾರ ಎತ್ತಿಕೊಟ್ಟ. ಆಮೇಲೆ ಇಬ್ಬರೂ ಒಟ್ಟಿಗೆ ಹೇಳಿದರು, ಒಬ್ಬ ನೆಲದ ಮೇಲೆ, ಒಬ್ಬ ಆಕಾಶದಲ್ಲಿ. ಉರ್ಸುಲಾಳಿಗೆ ಆ ಭಾಷೆ ಬಾರದು. ಪಾದ್ರಿಗೂ ಬಾರದು. ಆದರೆ ರಾಗ ಪಾದ್ರಿಗೆ ಗೊತ್ತಿತ್ತು. ಅವರೂ ಚಿಕ್ಕಂದಿನಲ್ಲಿ ಸಮುದ್ರದಾಚೆಯ ತಮ್ಮೂರಿನಲ್ಲಿ ಶನಿವಾರದ ಸಂಜೆ ಅವರಮ್ಮನ ಪಕ್ಕ ಕುಳಿತು ಅದೇ ರಾಗ ಹಾಡಿದ್ದವರು. ಕೊನೆಯ ಸಾಲಿಗೆ ಬರುವಾಗ ಅವರ ತುಟಿಯೂ ಅಲ್ಲಾಡುತ್ತಿದ್ದುದನ್ನು ಉರ್ಸುಲಾ ನೋಡಿದಳು.

ಹಾಡು ಮುಗಿಯಿತು. ಪಾದ್ರಿ ಮೂಗು ಒರೆಸಿಕೊಂಡರು.

"ಸರಿ. ಮೊದಲು ಬಿದ್ದ ನೀರೇ ನೀರು," ಎಂದರು. "ನಾನು ಹಾಕಿದ್ದು ಬರೀ ತಲೆ ತೊಳೆದ ಹಾಗಾಯ್ತು. ಜ್ಞಾನಸ್ನಾನವೇ ಅಲ್ಲದ ಮೇಲೆ ಇವಳು ಜ್ಞಾನತಾಯಿಯೂ ಅಲ್ಲ." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಇದರಲ್ಲಿ ನನ್ನ ತಪ್ಪೂ ಇದೆ. ಮೊದಲೇ ಆಗಿದೆಯಾ ಅಂತ ನಾನು ಕೇಳ್ಬೇಕಿತ್ತು. ಉರ್ಸುಲಾ ಕರ್ಕೊಂಡು ಬರೋರೆಲ್ಲ ಗಿಳಿಪಾಠ ಒಪ್ಪಿಸಿ ಒಪ್ಪಿಸಿ, ಕೇಳೋದನ್ನೇ ಬಿಟ್ಟುಬಿಟ್ಟಿದ್ದೆ."

"ಅವನ ಕಾಗದ?" ಎಂದಳು ಉರ್ಸುಲಾ. ಅವಳಿಗೆ ಬೇರೇನೂ ಕಿವಿಗೆ ಬಿದ್ದಿರಲಿಲ್ಲ.

"ಕಾಗದಕ್ಕೇನಾಗಿದೆ? ನಮ್ಮ ಧರ್ಮಕ್ಕೆ ಬಂದವನಿಗೆ ಸ್ವಾತಂತ್ರ್ಯ ಅಂತ ರಾಜರು ಬರೆದಿದ್ದಾರೆ. ಯಾವಾಗ ಬಂದಿರ್ಬೇಕು ಅಂತ ಬರೆದಿಲ್ಲ. ಇವನು ಎರಡು ಸಲ ಬಂದಿದಾನೆ. ಎರಡು ಸಲ ಬಿಡುಗಡೆ ಮಾಡಿ ಅಂತ ಕೇಳದಿದ್ರೆ ಸಾಕು. ಹವಾನಾದ ನಮ್ಮ ಬಿಷಪರಿಗೆ ನಾನೇ ಬರೀತೀನಿ, ಗವರ್ನರಿಗೂ ನಾನೇ ಹೇಳ್ತೀನಿ. ಮಧ್ಯೆ ಯಾವನಾದ್ರೂ ಬಾವುಟ ಹಿಡ್ಕೊಂಡು ಬಂದ್ರೆ ಇಲ್ಲಿಗೆ ಕಳಿಸಲಿ."

ಮಂಡಿಯೂರಿದ್ದ ಉರ್ಸುಲಾಳನ್ನು ಮಾಕಾಯಾ ಕೈ ಹಿಡಿದು ಎಬ್ಬಿಸಿದ. ಈ ಸಲ ಎಳೆದವನು ಅವನು.

"ಏಯ್, ಕೈ ಬಿಡೋ, ಮತ್ತೆ ಸಂಬಂಧ ಕೆಟ್ಟೀತು!" ಎಂದು ಗಾಸ್ಪಾರ ಮೇಲಿಂದ ಕೂಗಿದ. ಇಗರ್ಜಿಯ ಬಾಗಿಲಲ್ಲಿ ಆಗಲೇ ಅರ್ಧ ಊರು ಸೇರಿತ್ತು, ಎಲ್ಲರಿಗಿಂತ ಮುಂದೆ ಪೆಟ್ರೊನಾ. ನಕ್ಕವರ ಸದ್ದಿಗೆ ಮಾಡಿನ ಹಳೆಯ ಗರಿಯ ಧೂಳು ಪಾದ್ರಿಯ ತಲೆಯ ಮೇಲೆ ಉದುರಿತು.

ಶಿಕ್ಷೆ ತಪ್ಪಲಿಲ್ಲ. ಮಾಕಾಯಾ ಗಾಸ್ಪಾರನ ಜೊತೆ ಸೇರಿ ಮಾಡಿನ ಕೆಲಸ ಮುಗಿಸಬೇಕು, ಒಂದು ಹನಿಯೂ ಸೋರಬಾರದು. ಉರ್ಸುಲಾ ಇನ್ನು ಮುಂದೆ ಯಾರಿಗೂ ಪಾಠ ಹೇಳಿಕೊಡುವಂತಿಲ್ಲ. ಬದಲಿಗೆ ದಡಕ್ಕೆ ಬಂದವರನ್ನು ನೀರಲ್ಲೇ ನಿಲ್ಲಿಸಿ, 'ಜ್ಞಾನಸ್ನಾನ ಆಗಿದೆಯಾ' ಎಂದು ಮೊದಲು ಕೇಳಬೇಕು, ನಿಜವನ್ನೇ ಹೇಳಿಸಬೇಕು. ಇಬ್ಬರೂ ಒಪ್ಪಿದರು. ಗೆಣಸಿನ ಗಂಟು ಪಾದ್ರಿಯ ಮನೆಗೆ ವಾಪಸು ಬಂತು.

ಮಾಡಿನ ಕೆಲಸ ಮುಗಿದ ಮೇಲಿನ ಮೊದಲ ಭಾನುವಾರ ಮದುವೆಯಾಯಿತು. ಹನ್ನೊಂದು ಮಂದಿ ಮಕ್ಕಳು ಆಮೆಯ ಮಾಂಸ ಬೇಯಿಸಿ ಊರಿಗೆಲ್ಲ ಬಡಿಸಿದರು. ಬೋಳುತಲೆಯ ಹಿರಿಮಗ ಮಾಕಾಯಾನ ಮುಂದೆಯೂ ತಲೆ ಬಗ್ಗಿಸಿ, "ಅಪ್ಪಾ, ಆಶೀರ್ವಾದ ಮಾಡು" ಎಂದಾಗ ಮಾಕಾಯಾನ ಮುಖ ನೋಡುವಂತಿತ್ತು. ಉರ್ಸುಲಾ, ಪಾದ್ರಿ ಹೆಸರು ಬರೆದ ಪುಸ್ತಕದ ಮೇಲೆ ಬಗ್ಗಿ ನಿಂತು, "ಯಾವುದು ನಂದು, ಯಾವುದು ಅವನದು?" ಎಂದು ಕೇಳಿದಳು. ಪಾದ್ರಿ ಬೆರಳಿಟ್ಟು ತೋರಿಸಿದರು. ಎರಡರ ನಡುವೆ ಒಂದು ಅಕ್ಷರ ಹಿಡಿಯುವಷ್ಟು ಜಾಗವಿತ್ತು. ಶಾಯಿ ಆರುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

ಮಾರನೆಯ ದಿನ ಉಬ್ಬರದ ಹೊತ್ತಿಗೆ ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡಳು.

"ಇನ್ಯಾರನ್ನ ಕಾಯಕ್ಕೆ ಹೊರಟೆ?" ಎಂದ ಮಾಕಾಯಾ. "ನಾನು ಬಂದಾಯ್ತಲ್ಲ."

ಅವಳು ಒಂದು ಗಳಿಗೆ ತಬ್ಬಿಬ್ಬಾದಳು. ಕಾಲು ತಾನಾಗಿ ಹೊರಟಿತ್ತು. "ಬಟ್ಟೆ ಒಗೀಬೇಕು," ಎಂದಳು. ಅವನು ನಕ್ಕು ಅವಳ ಜೊತೆಗೇ ಬಂದ. ಅಂದಿನಿಂದ ಇಬ್ಬರೂ ಹೋಗತೊಡಗಿದರು. ಅವನು ಬಲೆ ಹೆಣೆಯುತ್ತ ಕೂರುತ್ತಿದ್ದ, ಅವಳು ಒಗೆಯುತ್ತಿದ್ದಳು. ಬಹಳ ದಿನ ಯಾರೂ ಬರಲಿಲ್ಲ. ಬರಿ ನೀರು ಏರಿತು, ಇಳಿಯಿತು.

ಚಳಿ ಬಿಟ್ಟ ಮೇಲೆ ಒಂದು ದಿನ ಹುಲ್ಲಿನ ನಡುವಿಂದ ಒಂದು ದೋಣಿ ಬಂತು. ಅದರಲ್ಲೊಬ್ಬಳು ಹೆಂಗಸು, ಒಬ್ಬಳೇ. ಮೈಮೇಲೆ ಗೋಣಿತಟ್ಟು, ಕೈಯಲ್ಲಿ ಹುಟ್ಟಿನ ಬದಲು ಒಂದು ಮುರಿದ ಹಲಗೆ. ದಡದಲ್ಲಿ ಜನ ಕಂಡು ಹೆದರಿ ಹಲಗೆಯನ್ನು ಕೋಲಿನಂತೆ ಎತ್ತಿ ಹಿಡಿದಳು. ಉರ್ಸುಲಾ ನೀರಿಗಿಳಿದು, ರೂಢಿಯಂತೆ ಚಾಚಿದ ಕೈಯನ್ನು ನೆನಪಾಗಿ ಹಿಂದಕ್ಕೆಳೆದುಕೊಂಡು ಸೊಂಟಕ್ಕಿಟ್ಟಳು.

"ಜ್ಞಾನಸ್ನಾನ ಆಗಿದೆಯಾ? ನಿಜ ಹೇಳು."

ಹೆಂಗಸು ಆಗಿಲ್ಲವೆಂದು ತಲೆಯಾಡಿಸಿದಳು.

ಪಾದ್ರಿ ಹೇಳಿದ್ದು ಅಷ್ಟೇ. ಆದರೆ ಉರ್ಸುಲಾ ತನ್ನದೂ ಒಂದು ಪ್ರಶ್ನೆ ಸೇರಿಸಿದಳು.

"ಇಲ್ಲಿ ನಿನಗೋಸ್ಕರ ಕಾಯ್ತಾ ಇರೋರು ಯಾರಾದ್ರೂ ಇದಾರಾ ಮಗಳೇ?"

ಎತ್ತಿದ ಹಲಗೆ ಮೆಲ್ಲಗೆ ಕೆಳಗಿಳಿಯಿತು. "ಯಾರೂ ಇಲ್ಲ," ಎಂದಳು.

"ನಾನಿದೀನಿ, ಬಾ," ಎಂದು ಉರ್ಸುಲಾ ಕೈ ಚಾಚಿದಳು.